ಮಗಳ ಕಣ್ಣು ಮೂಗಿನ ಕಡೆ ತಿರುಗುತ್ತಿದೆ, ಚಷ್ಮಾ ಸಾಕಾ ಆಪರೇಷನ್ ಬೇಕಾ?

ಸೇಡಂ ರಸ್ತೆ ಅಮ್ಮ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಮೂರು ವರ್ಷ ತುಂಬಿದೆ. ಮೊದಲು ಕಣ್ಣು ನೇರವಾಗೇ ಇತ್ತು, ಹಳೆಯ ಫೋಟೋ ನೋಡಿದರೂ ಗೊತ್ತಾಗುತ್ತದೆ. ಈಗ ಕೆಲವು ತಿಂಗಳಿಂದ ಬಲಗಣ್ಣು ಮೂಗಿನ ಕಡೆ ಹೋಗುತ್ತಿದೆ. ಶುರುವಿನಲ್ಲಿ ಸಂಜೆ ಸುಸ್ತಾದಾಗ, ಜ್ವರ ಬಂದಾಗ ಮಾತ್ರ ಕಾಣುತ್ತಿತ್ತು. ಈಗ ಊಟಕ್ಕೆ ಕೂತು ತಾಟಿನಲ್ಲಿ ರೊಟ್ಟಿ ಮುರಿಯುವಾಗಲೂ ತಿರುಗುತ್ತದೆ. ದೂರ ನೋಡುವಾಗ ಅಷ್ಟು ಕಾಣಿಸುವುದಿಲ್ಲ.

ಮೆಳ್ಳಗಣ್ಣು ಅದೃಷ್ಟದ ಲಕ್ಷಣ, ಅದನ್ನು ಮುಟ್ಟಬೇಡಿ ಅಂತ ಅತ್ತೆಯವರು ಅಂತಾರೆ. ಒಂದೇ ಸಲ ಆಪರೇಷನ್ ಮಾಡಿಸಿ ಮುಗಿಸಿಬಿಡು ಅಂತ ನಮ್ಮ ಅಣ್ಣ. ದೊಡ್ಡವಳಾದ ಮೇಲೆ ತಾನೇ ಸರಿಹೋಗುತ್ತದೆ ಅಂತ ಪಕ್ಕದ ಮನೆಯವರು. ಒಂದು ಕ್ಲಿನಿಕ್ಕಿನಲ್ಲಿ ಟಾರ್ಚ್ ಹಾಕಿ ನೋಡಿ, ಇನ್ನೂ ಚಿಕ್ಕದು, ಐದು ವರ್ಷ ಆಗಲಿ ಅಂದರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಯಜಮಾನರು ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸ, ರಜೆ ಹಾಕಿದರೆ ಪಗಾರ ಕಟ್. ಎಲ್ಲಿಗೆ ಹೋಗಬೇಕು, ಏನು ಕೇಳಬೇಕು ಅಂತ ಗೊತ್ತಿದ್ದವರು ಹೇಳಿ.

ನಂಬರ್ ತಪಾಸಣೆ, ಬೀದರ್

ಅಕ್ಕಾ, ಮೊದಲ ಮಾತು: ಐದು ವರ್ಷದವರೆಗೆ ಕಾಯಬೇಡಿ. ನಾನು ಕಣ್ಣಿನ ದವಾಖಾನೆಯಲ್ಲಿ ನಂಬರ್ ನೋಡುವ ಕೆಲಸದಲ್ಲಿದ್ದೇನೆ, ಡಾಕ್ಟರ್ ಅಲ್ಲ. ಆದರೂ ದಿನಾ ಇಂಥ ಮಕ್ಕಳನ್ನು ನೋಡುತ್ತೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಹುಟ್ಟಿದ ಮಗುವಿನ ಕಣ್ಣು ಆಗಾಗ ಅತ್ತ ಇತ್ತ ಹೋಗುವುದು ಸಹಜ. ನಾಲ್ಕು ತಿಂಗಳ ಹೊತ್ತಿಗೆ ಅದು ನಿಲ್ಲಬೇಕು. ಆಮೇಲೂ ತಿರುಗುತ್ತಿದ್ದರೆ ಅಥವಾ ಹೊಸದಾಗಿ ತಿರುಗಲು ಶುರುವಾದರೆ ಯಾವ ವಯಸ್ಸಾದರೂ ತೋರಿಸಬೇಕು. ಕೆಲವು ಮಕ್ಕಳಿಗೆ ಮೂಗಿನ ಬುಡ ಅಗಲವಾಗಿ, ರೆಪ್ಪೆಯ ಚರ್ಮ ಒಳಮೂಲೆಗೆ ಇಳಿದು ಮೆಳ್ಳಗಣ್ಣಿನ ಹಾಗೆ ಕಾಣುತ್ತದೆ ಅಷ್ಟೇ, ಕಣ್ಣು ನೇರವಾಗೇ ಇರುತ್ತದೆ. ಅದು ಟಾರ್ಚ್ ಬೆಳಕು ಎರಡೂ ಪಾಪೆಯ ಮೇಲೆ ಎಲ್ಲಿ ಬೀಳುತ್ತದೆ ಅಂತ ನೋಡಿದಾಗ, ಒಂದೊಂದೇ ಕಣ್ಣು ಮುಚ್ಚಿ ತೆಗೆದಾಗ ಗೊತ್ತಾಗುತ್ತದೆ. ಆದರೆ ಟಾರ್ಚ್ ಒಂದರಿಂದಲೇ ತಪಾಸಣೆ ಮುಗಿಯುವುದಿಲ್ಲ.

ನೀವು ಹೇಳಿದ ಚಿತ್ರ ನಮಗೆ ಬಹಳ ಪರಿಚಯದ್ದು. ಎರಡರಿಂದ ನಾಲ್ಕು ವರ್ಷದೊಳಗೆ ಶುರು, ಸುಸ್ತಾದಾಗ ಜಾಸ್ತಿ, ಹತ್ತಿರದ್ದನ್ನು ನೋಡುವಾಗ ಜಾಸ್ತಿ. ಇಂಥ ಎಷ್ಟೋ ಮಕ್ಕಳಿಗೆ ಪ್ಲಸ್ ನಂಬರ್ ಇರುತ್ತದೆ. ಪ್ಲಸ್ ನಂಬರ್ ಇದ್ದ ಮಗು ಸ್ಪಷ್ಟವಾಗಿ ನೋಡಬೇಕಾದರೆ ಕಣ್ಣಿನ ಒಳಗಿನ ಮಸೂರವನ್ನು ಸದಾ ಬಿಗಿ ಹಿಡಿಯಬೇಕು. ಹಾಗೆ ಬಿಗಿ ಹಿಡಿದಾಗಲೆಲ್ಲ ಎರಡೂ ಕಣ್ಣು ಒಳಗೆ ಬರುವುದು ದೇಹದ ರೂಢಿ. ಬಿಗಿ ಜಾಸ್ತಿಯಾದರೆ ಒಂದು ಕಣ್ಣು ಪೂರ್ತಿ ಒಳಗೆ ಹೋಗಿಬಿಡುತ್ತದೆ. ಸರಿಯಾದ ಪ್ಲಸ್ ಚಷ್ಮಾ ಹಾಕಿದರೆ ಬಿಗಿ ಹಿಡಿಯುವ ಕೆಲಸವೇ ಇಲ್ಲ, ಕಣ್ಣು ನೇರವಾಗುತ್ತದೆ. ನಂಬರಿನಿಂದಲೇ ಪೂರ್ತಿ ತಿರುಗಿದ ಕಣ್ಣಿಗೆ ಆಪರೇಷನ್ ಮಾಡುವುದಿಲ್ಲ. ಮಾಡಿದರೆ ಮುಂದೆ ಅದು ಹೊರಗೆ ತಿರುಗುವ ಅಪಾಯ ಇದೆ. ನಿಮ್ಮ ಮಗಳದ್ದು ಇದೇ ಅಂತ ನಾನು ಹೇಳಲಾರೆ, ಆದರೆ ಮೊದಲು ನೋಡಬೇಕಾದ್ದು ಇದು.

ಈ ನಂಬರ್ ಮಶೀನಿನ ಮುಂದೆ ಕೂರಿಸಿ ತೆಗೆಯುವುದಲ್ಲ. ಪಾಪೆ ದೊಡ್ಡದಾಗುವ, ಒಳಗಿನ ಬಿಗಿ ಸಡಿಲಾಗುವ ಔಷಧಿ ಹಾಕಿ ನೋಡಬೇಕು. ಅದೇ ಹೊತ್ತಿಗೆ ಡಾಕ್ಟರು ಕಣ್ಣಿನ ಹಿಂಭಾಗದ ಪರದೆಯನ್ನೂ ನೋಡುತ್ತಾರೆ. ಇದನ್ನು ಬಿಡುವಂತಿಲ್ಲ. ಅಪರೂಪಕ್ಕೆ ಮಕ್ಕಳ ಮೋತಿಬಿಂದು, ಇನ್ನೂ ಅಪರೂಪಕ್ಕೆ ಕಣ್ಣೊಳಗಿನ ಗಡ್ಡೆ ಸಹ ಮೊದಲು ಮೆಳ್ಳಗಣ್ಣಾಗಿಯೇ ಕಾಣಿಸಿಕೊಳ್ಳುತ್ತದೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಪಾಪೆ ಕೆಂಪು, ಇನ್ನೊಂದು ಬೆಳ್ಳಗೆ ಕಂಡರೆ ಮರುದಿನವೇ ದವಾಖಾನೆಗೆ ಹೋಗಬೇಕು.

ಮುದ್ನಾಳ ಕಡೆಯವ, ಯಾದಗಿರಿ

ತಂಗಿ, ನಮ್ಮ ಮಗನದ್ದೂ ಇದೇ ಕಥೆ. ಈಗ ಎರಡನೇ ಕ್ಲಾಸು. ಚಷ್ಮಾ ಹಾಕಿದರೆ ಕಣ್ಣು ನೇರ, ತೆಗೆದರೆ ಒಳಗೆ ಹೋಗುತ್ತದೆ. ಸ್ನಾನ ಮಾಡಿಸುವಾಗ ನೋಡಿದವರು 'ಚಷ್ಮಾ ಹಾಕಿ ಇನ್ನೂ ಕೆಡಿಸಿದಿರಿ' ಅಂದರು. ಹಾಗೇನಿಲ್ಲ. ಚಷ್ಮಾದಿಂದ ಆರಾಮಕ್ಕೆ ಒಗ್ಗಿದ ಕಣ್ಣು, ತೆಗೆದ ಕೂಡಲೇ ಮತ್ತೆ ಬಿಗಿ ಹಿಡಿಯುತ್ತದೆ, ಅದಕ್ಕೆ ತಿರುಗಿದ್ದು ಎದ್ದು ಕಾಣುತ್ತದೆ. ಹೀಗಾಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರಿಂದ ನಾವು ಹೆದರಲಿಲ್ಲ.

ಚಷ್ಮಾ ಬಂದ ಮೇಲೂ ಎಡಗಣ್ಣಿನ ನೋಟ ಕಡಿಮೆಯೇ ಇತ್ತು. ತಿರುಗಿದ ಕಣ್ಣಿನಿಂದ ಬರುವ ಚಿತ್ರವನ್ನು ಮೆದುಳು ಬೇಡ ಅಂತ ಬಿಟ್ಟುಬಿಟ್ಟಿರುತ್ತದಂತೆ, ಸೋಮಾರಿ ಕಣ್ಣು ಅಂತಾರಲ್ಲ ಅದು. ಚೆನ್ನಾಗಿರುವ ಕಣ್ಣಿಗೆ ಪ್ಯಾಚ್ ಹಾಕಿ, ಅಂದರೆ ಅಂಟುವ ಪಟ್ಟಿಯಿಂದ ಮುಚ್ಚಿ, ಸೋಮಾರಿ ಕಣ್ಣಿನಿಂದಲೇ ನೋಡುವ ಹಾಗೆ ಮಾಡಬೇಕು. ನಮಗೆ ದಿನಕ್ಕೆ ಎರಡು ಗಂಟೆ ಹೇಳಿದ್ದರು.

ನಿಜ ಹೇಳ್ತೀನಿ, ಆಪರೇಷನ್ನಿಗಿಂತ ಈ ಪ್ಯಾಚೇ ಕಷ್ಟ. ನಮ್ಮ ಕಡೆ ಬೇಸಿಗೆ ನಿಮಗೆ ಗೊತ್ತೇ ಇದೆ, 42 ಡಿಗ್ರಿ. ಬೆವರಿಗೆ ಅಂಟು ಬಿಡುತ್ತದೆ, ಅಂಚಿನಲ್ಲಿ ಚರ್ಮ ಕೆಂಪಾಗಿ ತುರಿಸುತ್ತದೆ. ಹುಡುಗ ಕಿತ್ತು ಎಸೆಯುತ್ತಿದ್ದ. ಮಧ್ಯಾಹ್ನ ಬಿಟ್ಟು ಬೆಳಿಗ್ಗೆ ಏಳುತ್ತಲೇ, ಮುಖ ತೊಳೆದು ಒಣಗಿಸಿ ಹಾಕಲು ಶುರು ಮಾಡಿದೆವು. ಅಗಲವಾದ ಕಡೆಯ ತುದಿ ಒಂದು ದಿನ ಮೇಲಕ್ಕೆ, ಮರುದಿನ ಕೆಳಕ್ಕೆ ಬರುವ ಹಾಗೆ ತಿರುಗಿಸಿ ಹಚ್ಚಿದರೆ ಒಂದೇ ಜಾಗದ ಚರ್ಮ ಕೆಡುವುದಿಲ್ಲ. ಚಷ್ಮಾದ ಗಾಜಿಗೆ ಬಟ್ಟೆ ಕಟ್ಟುವ ಉಪಾಯ ನಮ್ಮಲ್ಲಿ ನಡೆಯಲಿಲ್ಲ, ಮೂಗಿನ ಸಂದಿಯಿಂದ ಇಣುಕಿ ಒಳ್ಳೆ ಕಣ್ಣಿನಿಂದಲೇ ನೋಡುತ್ತಿದ್ದ. ಮುಖಕ್ಕೆ ಅಂಟಿಸುವುದೇ ಸರಿ.

ಪ್ಯಾಚ್ ಹಾಕಿದ ಹೊತ್ತಲ್ಲಿ ಹತ್ತಿರದ ಕೆಲಸ ಕೊಡಿ. ನಮ್ಮವ್ವ ಮೊರದಲ್ಲಿ ತೊಗರಿಬೇಳೆ ಹಾಕಿ ಕಲ್ಲು ಹುಡುಕು ಅಂತ ಕೂರಿಸುತ್ತಿದ್ದಳು. ಒಂದೊಂದು ಕಲ್ಲಿಗೆ ಒಂದೊಂದು ಶೇಂಗಾ ಚಿಕ್ಕಿ ಚೂರು. ಎರಡು ಗಂಟೆ ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ನಂಬರ್ ತಪಾಸಣೆ, ಬೀದರ್

ಮೊರದ ಬೇಳೆ ಬಹಳ ಒಳ್ಳೆಯ ಉಪಾಯ ಅಣ್ಣಾ. ಎರಡು ಗಂಟೆ ಅಂದಾಗ ಕೆಲವರಿಗೆ ಸಮಾಧಾನ ಆಗುವುದಿಲ್ಲ, ದಿನವಿಡೀ ಹಾಕುತ್ತಾರೆ. 2003ರಲ್ಲಿ ಅಮೆರಿಕದ ಮಕ್ಕಳ ಕಣ್ಣಿನ ತಜ್ಞರ ತಂಡ ಏಳು ವರ್ಷದೊಳಗಿನ ಮಕ್ಕಳಲ್ಲಿ ನೋಡಿತು. ನೋಟ ಮಧ್ಯಮವಾಗಿ ಕಡಿಮೆ ಇದ್ದವರಲ್ಲಿ ದಿನಕ್ಕೆ 2 ಗಂಟೆಗೂ 6 ಗಂಟೆಗೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ನೋಟ ತೀರಾ ಕಡಿಮೆ ಇದ್ದರೆ ಜಾಸ್ತಿ ಹೊತ್ತು ಬೇಕು. ಪ್ಯಾಚ್ ಒಪ್ಪದ ಮಗುವಿಗೆ ಒಳ್ಳೆ ಕಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಅದನ್ನು ಮಸುಕು ಮಾಡುವ ದಾರಿಯೂ ಇದೆ. ಎಷ್ಟು ಹೊತ್ತು, ಯಾವುದು ಅಂತ ಡಾಕ್ಟರೇ ಹೇಳಬೇಕು. ಕರೆದ ದಿನಕ್ಕೆ ಹೋಗಿ ತೋರಿಸಬೇಕು, ಯಾಕೆಂದರೆ ಅತಿಯಾಗಿ ಮುಚ್ಚಿದರೆ ಒಳ್ಳೆ ಕಣ್ಣಿನ ನೋಟವೇ ಇಳಿಯಬಹುದು.

ಏಳು ದಾಟಿದರೆ ಮುಗಿಯಿತು ಅಂತ ಕೈಬಿಡುವುದೂ ಬೇಡ. ಅದೇ ತಂಡ 2005ರಲ್ಲಿ 7ರಿಂದ 12 ವರ್ಷದ ಮಕ್ಕಳಿಗೂ ಚಷ್ಮಾ ಜೊತೆ ಈ ಚಿಕಿತ್ಸೆ ಕೊಟ್ಟಾಗ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಕ್ಕಳಲ್ಲಿ ಸುಧಾರಣೆ ಕಂಡಿತು. ಬೇಗ ಶುರು ಮಾಡಿದಷ್ಟೂ ಫಲ ಜಾಸ್ತಿ.

ಆಳಂದ ನಾಕಾ

ಇಷ್ಟೆಲ್ಲ ಯಾಕೆ? ಪೆನ್ಸಿಲ್ ಮೂಗಿನ ಹತ್ತಿರ ತಂದು ನೋಡುವ ವ್ಯಾಯಾಮ ಮಾಡಿಸಿ. ಮೊಬೈಲಿನಲ್ಲಿ ಎಷ್ಟು ವಿಡಿಯೋ ಇವೆ. ನಮ್ಮ ಅಳಿಯನಿಗೆ ಓದುವಾಗ ತಲೆನೋವು, ಅಕ್ಷರ ಎರಡೆರಡು ಕಾಣುತ್ತಿತ್ತು, ವ್ಯಾಯಾಮದಿಂದಲೇ ಹೋಯಿತು. ಆಪರೇಷನ್ ದುಡ್ಡು ಮಾಡುವ ದಂಧೆ.

ನಂಬರ್ ತಪಾಸಣೆ, ಬೀದರ್

ಕಾಕಾ, ನಿಮ್ಮ ಅಳಿಯನಿಗೆ ಗುಣವಾದದ್ದು ನಿಜ ಇರುತ್ತದೆ. ಅವರದ್ದು ಬೇರೆ ತೊಂದರೆ. ಹತ್ತಿರ ನೋಡುವಾಗ ಎರಡೂ ಕಣ್ಣು ಸಾಕಷ್ಟು ಒಳಗೆ ಬರದೇ ಇರುವುದು ಅದು. ಅದಕ್ಕೆ ವ್ಯಾಯಾಮವೇ ಮದ್ದು. ಅದರಲ್ಲೂ ತಜ್ಞರ ಹತ್ತಿರ ವಾರವಾರ ಹೋಗಿ ಕಲಿತು ಮಾಡಿದವರಲ್ಲಿ 12 ವಾರಕ್ಕೆ 100ಕ್ಕೆ 73 ಮಂದಿಗೆ ಒಳ್ಳೆಯ ಫಲ ಸಿಕ್ಕಿತು, ಮನೆಯಲ್ಲಿ ಬರೀ ಪೆನ್ಸಿಲ್ ಹಿಡಿದವರಲ್ಲಿ 43 ಮಂದಿಗೆ. ಇದು 2008ರ ಅಧ್ಯಯನ.

ಈ ಅಕ್ಕನ ಮಗಳ ಕಣ್ಣು ಈಗಾಗಲೇ ಒಳಗೇ ತಿರುಗುತ್ತಿದೆ. ಅಂಥ ಮಗುವಿಗೆ ಪೆನ್ಸಿಲ್ ಮೂಗಿಗೆ ತಂದು ಇನ್ನೂ ಒಳಗೆ ತಾ ಅಂತ ಹೇಳುವುದು ಉಲ್ಟಾ ಕೆಲಸ. ಯಾವ ಮೆಳ್ಳಗಣ್ಣು ಅಂತ ಗೊತ್ತಾಗದೆ ವಿಡಿಯೋ ನೋಡಿ ಮಾಡಿಸಬೇಡಿ ಕಾಕಾ, ಕೈ ಮುಗಿದು ಹೇಳ್ತೀನಿ. ದಿನ ಹೋಗುತ್ತವೆ, ಮಗುವಿನ ನೋಟ ಹೋಗುತ್ತದೆ.

ಆಳಂದ ನಾಕಾ

ಒಳಗೆ ತಿರುಗಿದ್ದಕ್ಕೆ, ಹೊರಗೆ ತಿರುಗಿದ್ದಕ್ಕೆ ಬೇರೆ ಬೇರೆ ಅಂತ ನನಗೆ ಗೊತ್ತಿರಲಿಲ್ಲ. ಹಾಗಿದ್ದರೆ ಡಾಕ್ಟರಿಗೆ ತೋರಿಸುವುದೇ ಸರಿ.

ಹುಮನಾಬಾದ್ ಹುಡುಗಿ

ನಾನು ದೊಡ್ಡವಳಾದ ಮೇಲೆ ಆಪರೇಷನ್ ಮಾಡಿಸಿಕೊಂಡವಳು. ನನ್ನದು ಹೊರಗೆ ತಿರುಗುವ ಕಣ್ಣು. ಚಿಕ್ಕಂದಿನಲ್ಲಿ ಬಿಸಿಲಿಗೆ ಬಂದರೆ ಒಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಎಲ್ಲರೂ ಬಿಸಿಲಿಗೆ ಅಂದುಕೊಂಡರು. ಆ ಥರದ ಮೆಳ್ಳಗಣ್ಣಿಗೆ ಅದು ದೊಡ್ಡ ಗುರುತು ಅಂತ ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಅಂಥ ಮಗು ಇದ್ದರೆ ಗಮನಿಸಿ.

ಇಪ್ಪತ್ತು ದಾಟಿದ ಮೇಲೆ ಏನೂ ಮಾಡಕ್ಕಾಗಲ್ಲ ಅಂತ ಊರಲ್ಲೆಲ್ಲ ಹೇಳುತ್ತಿದ್ದರು. ಅದು ಸುಳ್ಳು. ದೊಡ್ಡವರ ಕಣ್ಣನ್ನೂ ನೇರ ಮಾಡಬಹುದು. ಚಿಕ್ಕಂದಿನಲ್ಲಿ ಕಳೆದುಹೋದ ನೋಟ ಪೂರ್ತಿ ವಾಪಸ್ ಬರದೇ ಇರಬಹುದು, ಆದರೆ ಎದುರಿಗಿರುವವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಬರೀ ಚಂದದ ಪ್ರಶ್ನೆಯಲ್ಲ. ಹುಡುಗನ ಕಡೆಯವರು ನೋಡಲು ಬಂದಾಗ ತಲೆ ತಗ್ಗಿಸಿ ಕೂತ ಹುಡುಗಿಯನ್ನು ನಾಚಿಕೆ ಸ್ವಭಾವ ಅಂತ ಹೊಗಳಿದರು. ನಾನು ಕಣ್ಣು ಮುಚ್ಚಿಡುತ್ತಿದ್ದೆ ಅಷ್ಟೇ. ಸಂದರ್ಶನದಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಬಸ್ಸಿನಲ್ಲಿ ನಾನು ಯಾರನ್ನು ನೋಡುತ್ತಿದ್ದೇನೆ ಅಂತ ತಿಳಿಯದೆ ಹಿಂದಕ್ಕೆ ತಿರುಗಿ ನೋಡುವವರನ್ನು ನೋಡಿ ಬೆಳೆದವರಿಗೆ ಇದರ ಭಾರ ಗೊತ್ತು.

ಆಪರೇಷನ್ ಅಂದರೆ ಕಣ್ಣುಗುಡ್ಡೆ ಹೊರಗೆ ತೆಗೆಯುತ್ತಾರೆ ಅಂತ ನಮ್ಮ ಆಯಿ ಅಳುತ್ತಿದ್ದಳು. ಹಾಗೆ ಯಾರೂ ತೆಗೆಯುವುದಿಲ್ಲ. ಒಂದೊಂದು ಕಣ್ಣಿಗೆ ಹೊರಗಡೆಯಿಂದ ಆರು ಸ್ನಾಯು ಅಂಟಿಕೊಂಡಿವೆ, ಬಂಡಿ ಎತ್ತಿಗೆ ಎರಡೂ ಕಡೆ ಹಗ್ಗ ಇದ್ದ ಹಾಗೆ. ಜಾಸ್ತಿ ಎಳೆಯುವ ಸ್ನಾಯುವನ್ನು ಸ್ವಲ್ಪ ಹಿಂದೆ ಸರಿಸಿ ಹೊಲಿಯುತ್ತಾರೆ, ಸಡಿಲ ಇರುವುದನ್ನು ಗಿಡ್ಡ ಮಾಡಿ ಬಿಗಿ ಮಾಡುತ್ತಾರೆ. ಎಷ್ಟು ಮಿಲಿಮೀಟರ್ ಅಂತ ಮೊದಲೇ ಪ್ರಿಸಮ್ ಗಾಜು ಹಿಡಿದು ಅಳತೆ ಮಾಡಿರುತ್ತಾರೆ. ಬರ್ಲಿನ್ನಿನಲ್ಲಿ ಡೀಫೆನ್‌ಬಾಕ್ ಅನ್ನುವ ಸರ್ಜನ್ 1839ರಲ್ಲೇ ಈ ಆಪರೇಷನ್ ಮಾಡಿದ್ದರು ಅಂತ ಓದಿದ ಮೇಲೆ ನನ್ನ ಭಯ ಅರ್ಧ ಇಳಿಯಿತು.

ಮಕ್ಕಳಿಗೆ ಪೂರ್ತಿ ಅರಿವಳಿಕೆ ಕೊಡುತ್ತಾರೆ. ದೊಡ್ಡವರಿಗೆ ಕೆಲವರಿಗೆ ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸುತ್ತಾರೆ. ದೊಡ್ಡವರಲ್ಲಿ ಹೊಲಿಗೆಯನ್ನು ಗಂಟು ಬಿಗಿಯದೆ ಇಟ್ಟು, ಎಚ್ಚರವಾದ ಮೇಲೆ ನೋಡಿ ಸರಿಮಾಡುವ ಪದ್ಧತಿಯೂ ಇದೆ. ನನ್ನನ್ನು ಅವತ್ತೇ ಮನೆಗೆ ಕಳಿಸಿದರು. ಮೊದಲ ಕೆಲವು ದಿನ ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತದೆ, ಅತ್ತ ಇತ್ತ ನೋಡಿದರೆ ಎಳೆಯುತ್ತದೆ. ಎದುರಿಗಿನ ದೀಪ ಎರಡು ಕಾಣುತ್ತಿತ್ತು, ನಿಧಾನಕ್ಕೆ ಒಂದಾಯಿತು. ಕೆಂಪು ಇಳಿಯಲು ವಾರಗಳೇ ಬೇಕು. ತಲೆಸ್ನಾನ, ಒಲೆಯ ಹೊಗೆ, ಧೂಳು ದೂರ ಇಡಿ.

ಒಂದೇ ಆಪರೇಷನ್ನಿಗೆ ಎಲ್ಲರಿಗೂ ಮುಗಿಯುವುದಿಲ್ಲ, ಕೆಲವರಿಗೆ ಮತ್ತೊಂದು ಬೇಕಾಗುತ್ತದೆ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಹಾಗೆಯೇ ಆಪರೇಷನ್ ಕಣ್ಣನ್ನು ನೇರ ಮಾಡುತ್ತದೆ, ನಂಬರ್ ತೆಗೆಯುವುದಿಲ್ಲ, ಸೋಮಾರಿ ಕಣ್ಣನ್ನು ಎಬ್ಬಿಸುವುದಿಲ್ಲ. ಚಷ್ಮಾ, ಪ್ಯಾಚ್ ಅದರ ಪಾಡಿಗೆ ಇರುತ್ತವೆ.

ಬ್ರಹ್ಮಪುರ, ಕಲಬುರಗಿ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ತಂದೆಗೆ ಅರವತ್ತೆರಡು, ಸಕ್ಕರೆ ಕಾಯಿಲೆ ಇದೆ. ಎರಡು ದಿನದ ಹಿಂದೆ ಬೆಳಿಗ್ಗೆ ಎದ್ದಾಗಿನಿಂದ ಎಲ್ಲ ಎರಡೆರಡು ಕಾಣುತ್ತಿದೆ, ಎಡಗಣ್ಣು ಒಳಗೆ ತಿರುಗಿದೆ. ಒಂದು ಕಣ್ಣು ಮುಚ್ಚಿದರೆ ಸರಿ ಕಾಣುತ್ತದೆ. ಇವರಿಗೂ ಆಪರೇಷನ್ನೇ?

ನಂಬರ್ ತಪಾಸಣೆ, ಬೀದರ್

ಸರ್, ಇವತ್ತೇ ಕರೆದುಕೊಂಡು ಹೋಗಿ. ದೊಡ್ಡವರಲ್ಲಿ ಇದ್ದಕ್ಕಿದ್ದ ಹಾಗೆ ಕಣ್ಣು ತಿರುಗಿದರೆ ಅದು ನರದ ತೊಂದರೆ ಇರಬಹುದು. ಸಕ್ಕರೆ, ಬಿಪಿ ಇದ್ದವರಲ್ಲಿ ಕಣ್ಣು ತಿರುಗಿಸುವ ನರಕ್ಕೆ ರಕ್ತ ಕಡಿಮೆಯಾಗಿ ಹೀಗಾಗುತ್ತದೆ. ಅದೇ ಕಾರಣವಾದರೆ ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ತಾನೇ ಇಳಿಯುತ್ತದೆ. ಆದರೆ ಅದೇ ಕಾರಣ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ರೆಪ್ಪೆ ಜೋತುಬಿದ್ದು ಒಂದು ಪಾಪೆ ದೊಡ್ಡದಾಗಿದ್ದರೆ, ಜೋರು ತಲೆನೋವು, ಮಾತು ತೊದಲುವುದು, ಕೈಕಾಲಿನಲ್ಲಿ ಶಕ್ತಿ ಕಡಿಮೆ ಇದ್ದರೆ ಸೀದಾ ತುರ್ತು ವಿಭಾಗಕ್ಕೆ ಹೋಗಿ. ಅದು ಮೆದುಳಿನ ರಕ್ತನಾಳದ ಊತವೂ ಆಗಿರಬಹುದು.

ಅಲ್ಲಿಯವರೆಗೆ ಒಂದು ಕಣ್ಣು ಮುಚ್ಚಿರಲಿ, ಗಾಡಿ ಓಡಿಸಬಾರದು, ಮೆಟ್ಟಿಲು ಇಳಿಯುವಾಗ ಕೈ ಹಿಡಿಯಿರಿ. ಸ್ವಲ್ಪ ತಿರುಗಿದ್ದು ಉಳಿದರೆ ಪ್ರಿಸಮ್ ಚಷ್ಮಾ ಇದೆ, ಅದು ಚಿತ್ರವನ್ನು ಸರಿಸಿ ಎರಡನ್ನು ಒಂದು ಮಾಡುತ್ತದೆ. ಕೆಲವರಿಗೆ ಬೋಟಾಕ್ಸ್ ಕೊಡುತ್ತಾರೆ. ಸುಕ್ಕಿಗೆ ಹಾಕುವ ಇಂಜೆಕ್ಷನ್ ಅಂತ ಹೆಸರಾಗಿದ್ದರೂ, ಅಮೆರಿಕದಲ್ಲಿ 1989ರಲ್ಲಿ ಅದಕ್ಕೆ ಮೊದಲು ಒಪ್ಪಿಗೆ ಸಿಕ್ಕಿದ್ದು ಮೆಳ್ಳಗಣ್ಣಿಗೆ ಮತ್ತು ರೆಪ್ಪೆ ತಾನೇ ಬಿಗಿಯುವ ತೊಂದರೆಗೆ. ಕೆಲವು ತಿಂಗಳು ಕೆಲಸ ಮಾಡುತ್ತದೆ. ಆಪರೇಷನ್ ಮಾತು ಬರುವುದು ಆರು ತಿಂಗಳಾದರೂ ಅಳತೆ ಬದಲಾಗದೆ ನಿಂತಾಗ.

ಬ್ರಹ್ಮಪುರ, ಕಲಬುರಗಿ

ಹೊರಟೆವು. ಧನ್ಯವಾದ ಮೇಡಂ.

ಅಂಗನವಾಡಿ ಟೀಚರ್, ಶಹಾಪುರ

ಸೇಡಂ ರಸ್ತೆ ಅಮ್ಮನಿಗೆ ಎರಡು ಮಾತು. ನಿಮ್ಮ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬರಬೇಕು. 2013ರಿಂದ ಇದೆ, ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ. ನಿಮ್ಮ ಟೀಚರಿಗೆ ಇವತ್ತೇ ಹೇಳಿಡಿ, ಮಗುವಿನ ಹೆಸರು ಬರೆಸಿ. ತಂಡ ಬರುವವರೆಗೆ ಕಾಯಬೇಕಿಲ್ಲ, ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಸೀದಾ ಹೋಗಬಹುದು. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್ ಅನ್ನುವ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ, ಯಾದಗಿರಿಯಲ್ಲೂ ಈಗ ಒಂದಿದೆ.

ಇನ್ನೊಂದು, ಮಕ್ಕಳು ಬೇರೆ ಮಗುವನ್ನು 'ಮೆಳ್ಳಿ' ಅಂತ ಕರೆದರೆ ನಾನು ಅಲ್ಲೇ ನಿಲ್ಲಿಸುತ್ತೇನೆ. ಪ್ಯಾಚ್ ಹಾಕಿಕೊಂಡು ಬರುವ ಮಗುವಿದ್ದರೆ ಎಲ್ಲ ಮಕ್ಕಳನ್ನೂ ಕೂರಿಸಿ, ಈ ಕಣ್ಣಿಗೆ ವಿಶ್ರಾಂತಿ, ಆ ಕಣ್ಣಿಗೆ ಕೆಲಸ ಅಂತ ಒಂದು ಸಲ ಹೇಳಿದರೆ ಸಾಕು, ಮಕ್ಕಳಿಗೆ ಅರ್ಥ ಆಗುತ್ತದೆ. ದೊಡ್ಡವರಿಗೇ ಹೇಳುವುದು ಕಷ್ಟ.

ಸೇಡಂ ರಸ್ತೆ ಅಮ್ಮ, ಕಲಬುರಗಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಸರ್ಕಾರಿ ದವಾಖಾನೆಗೆ ಹೋಗಿ ಬಂದೆವು. ಪರೀಕ್ಷೆಗೆ ಮೊದಲು ಮೂರು ದಿನ ಮನೆಯಲ್ಲೇ ಅಟ್ರೋಪಿನ್ ಮುಲಾಮು ಹಚ್ಚಲು ಕೊಟ್ಟಿದ್ದಾರೆ. ಹಚ್ಚಲು ಭಯ. ಆಮೇಲೆ, ಅಕಸ್ಮಾತ್ ಆಪರೇಷನ್ ಅಂದರೆ ದುಡ್ಡಿಗೆ ಏನು ಮಾಡಬೇಕು?

ನಂಬರ್ ತಪಾಸಣೆ, ಬೀದರ್

ಒಳ್ಳೆ ಕೆಲಸ ಮಾಡಿದಿರಿ ಅಕ್ಕಾ. ಪಾಪೆ ದೊಡ್ಡದು ಮಾಡಿ ಬಿಗಿ ಸಡಿಲಿಸುವ ಔಷಧಿ ಅಂತ ನಾನು ಮೊದಲು ಹೇಳಿದ್ದು ಇದೇ. ಮುಲಾಮು ಅಕ್ಕಿಕಾಳಿನಷ್ಟು ಸಾಕು. ಕೆಳರೆಪ್ಪೆ ಸ್ವಲ್ಪ ಎಳೆದು ಒಳಗೆ ಹಚ್ಚಿ, ಒಳಮೂಲೆಯನ್ನು ಬೆರಳಿನಿಂದ ಒಂದು ನಿಮಿಷ ಒತ್ತಿ ಹಿಡಿಯಿರಿ. ಮಲಗಿದಾಗ ಹಚ್ಚಿದರೆ ಸುಲಭ. ಕೆನ್ನೆಗೆ ಬಂದದ್ದನ್ನು ಒರೆಸಿ, ನಿಮ್ಮ ಕೈ ಸೋಪಿನಿಂದ ತೊಳೆಯಿರಿ, ಟ್ಯೂಬು ಮಕ್ಕಳ ಕೈಗೆ ಸಿಗದ ಹಾಗಿಡಿ. ಮುಖ ಕೆಂಪಾಗಿ ಜ್ವರ ಬಂದರೆ, ಬಾಯಿ ಒಣಗಿ ಮಗು ವಿಪರೀತ ಹಠ ಮಾಡಿದರೆ ನಿಲ್ಲಿಸಿ ದವಾಖಾನೆಗೆ ಫೋನ್ ಮಾಡಿ. ಒಂದೆರಡು ವಾರ ಪಾಪೆ ದೊಡ್ಡದಾಗೇ ಇರುತ್ತದೆ, ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಟೋಪಿ ಹಾಕಿ. ಅದು ಔಷಧಿಯ ಗುಣ, ಹೆದರಬೇಡಿ.

ಚಷ್ಮಾ ಬರೆದುಕೊಟ್ಟರೆ ಪ್ಲಾಸ್ಟಿಕ್ ಫ್ರೇಮು, ಒಡೆಯದ ಗಾಜು ಕೇಳಿ. ತಲೆಯ ಹಿಂದೆ ಇಲಾಸ್ಟಿಕ್ ಪಟ್ಟಿ ಹಾಕಿಸಿ. ಫ್ರೇಮ್ ಮೂಗಿನಿಂದ ಜಾರಿದರೆ ಮಗು ಮೇಲಿಂದ ನೋಡುತ್ತದೆ, ನಂಬರ್ ಇದ್ದೂ ಇಲ್ಲದ ಹಾಗೆ.

ಹುಮನಾಬಾದ್ ಹುಡುಗಿ

ದುಡ್ಡಿನ ಬಗ್ಗೆ ನಾನು ಹೇಳ್ತೀನಿ ಅಕ್ಕಾ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 100ಕ್ಕೆ 30ರಷ್ಟು, ಒಂದೂವರೆ ಲಕ್ಷದ ಮಿತಿ. ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆಗದಿದ್ದರೆ ಅವರೇ ರೆಫರಲ್ ಚೀಟಿ ಬರೆದುಕೊಡುತ್ತಾರೆ. ಚೀಟಿ ಇಲ್ಲದೆ ಖಾಸಗಿಗೆ ಹೋಗಿ ಆಮೇಲೆ ಕೇಳಿದರೆ ಕಷ್ಟ. ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರ ಕೌಂಟರ್ ಇರುತ್ತದೆ, ಮೆಳ್ಳಗಣ್ಣಿನ ಆಪರೇಷನ್ ಯಾವ ಆಸ್ಪತ್ರೆಯಲ್ಲಿ ಈ ಯೋಜನೆಯಡಿ ಆಗುತ್ತದೆ ಅಂತ ಅಲ್ಲೇ ಕೇಳಿ. ಮಗುವಿನ ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು ಒಂದೇ ಚೀಲದಲ್ಲಿರಲಿ.

ಎರಡನೇ ಅಭಿಪ್ರಾಯ ಬೇಕಾದರೆ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ ಇದೆ, 1987ರಿಂದ ನಡೆಯುತ್ತಿದೆ, ಮಕ್ಕಳ ಕಣ್ಣಿಗೆ, ಮೆಳ್ಳಗಣ್ಣಿಗೆ ಬೇರೆ ವಿಭಾಗವೇ ಇದೆ, ದುಡ್ಡು ಕೊಡಲಾಗದವರಿಗೆ ಉಚಿತ ಚಿಕಿತ್ಸೆಯೂ ಇದೆ. ಕಲಬುರಗಿಯಿಂದ ವಾಡಿ, ತಾಂಡೂರು ದಾರಿಯ ರೈಲಿದೆ. ನಮ್ಮ ಕರ್ನಾಟಕದ ಕಾರ್ಡು ಹೊರ ರಾಜ್ಯದಲ್ಲಿ ನಡೆಯುತ್ತದಾ ಅಂತ ಹೊರಡುವ ಮೊದಲೇ ಆರೋಗ್ಯಮಿತ್ರರ ಹತ್ತಿರ ಕೇಳಿಕೊಳ್ಳಿ.

ಮುದ್ನಾಳ ಕಡೆಯವ, ಯಾದಗಿರಿ

ತಂಗಿ, ಹಳೆಯ ಫೋಟೋ ಇವೆ ಅಂದಿರಲ್ಲ, ಅವನ್ನೂ ತೆಗೆದುಕೊಂಡು ಹೋಗಿ. ಯಾವಾಗ ಶುರುವಾಯಿತು ಅಂತ ಡಾಕ್ಟರು ಕೇಳಿದಾಗ ನಮಗೆ ಬಹಳ ಉಪಯೋಗಕ್ಕೆ ಬಂದದ್ದು ಮೊಬೈಲಿನ ಫೋಟೋಗಳೇ. ಮನೆಯಲ್ಲಿ ಚಿಕ್ಕ ಮಗು ಇನ್ನೊಂದಿದ್ದರೆ ಅದರ ಕಣ್ಣನ್ನೂ ಅದೇ ದಿನ ತೋರಿಸಿ. ಇದು ಮನೆತನದಲ್ಲಿ ಬರುವುದುಂಟು, ನಮ್ಮ ಎರಡನೆಯವಳಿಗೂ ಪ್ಲಸ್ ನಂಬರ್ ಸಿಕ್ಕಿದ್ದು ಹಾಗೆಯೇ, ಕಣ್ಣು ತಿರುಗುವುದಕ್ಕೆ ಮೊದಲೇ.